ಇದೆಯಪ್ಪನ ಅಂಗಡಿಯ ಹುಡುಕುಪೆಟ್ಟಿಗೆ

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ನಮ್ಮ ಬೀದಿಯಲ್ಲಿ ಆ ಹೆಸರು ಹೇಳಿ ವಿಚಾರಿಸಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಇದೆಯಪ್ಪ. ಕುಕ್ಕರಿನ ರಬ್ಬರು, ಮಿಕ್ಸಿಯ ಬ್ಲೇಡು, ನಲ್ಲಿಯ ವಾಷರು, ಗ್ಯಾಸ್ ಒಲೆಯ ತಿರುಗಣೆ, ಹೀಗೆ ಮನೆಯಲ್ಲಿ ಕೆಟ್ಟು ಕೂರುವ ಸಾಮಾನುಗಳ ಬಿಡಿಭಾಗ ಮಾರುವ ಅಂಗಡಿ ಅವನದು. ಗಿರಾಕಿ ಹೊಸ್ತಿಲು ದಾಟಿ ಬಾಯಿ ತೆರೆಯುವುದರೊಳಗೆ ಇವನ ಬಾಯಿಂದ "ಇದೆಯಪ್ಪಾ, ಇದೆ" ಎಂದು ಬಂದುಬಿಡುತ್ತಿತ್ತು. ಏನು ಬೇಕು ಎಂದು ಕೇಳುವುದೆಲ್ಲ ಆಮೇಲೆ.

ಅದು ಅವನ ಅಪ್ಪ ಹಾಕಿಕೊಟ್ಟ ಕಟ್ಟಳೆ. ಅಂಗಡಿಯಲ್ಲಿ ಕೂತವನು "ಇಲ್ಲ" ಅನ್ನಕೂಡದು. ಕೇಳಿದ್ದು ಇರದಿದ್ದರೆ ಅದರ ಪಕ್ಕದ್ದನ್ನು ತೋರಿಸಬೇಕು, ಅದೂ ಇರದಿದ್ದರೆ ಸ್ಟೂಲು ಎಳೆದು ಕೂರಿಸಿ ಮಾತಾಡಿಸಬೇಕು, ಒಟ್ಟಿನಲ್ಲಿ ಬಂದವರ ಮುಖ ಸಪ್ಪೆಯಾಗಿ ಮೆಟ್ಟಿಲು ಇಳಿಯಬಾರದು. ಅಪ್ಪ ಹೋಗಿ ಎಷ್ಟೋ ಕಾಲವಾದರೂ ಮಗನ ನಾಲಿಗೆ ಆ ಕಟ್ಟಳೆ ಮೀರಿರಲಿಲ್ಲ. ಮನೆಯಲ್ಲಿ ಉಪ್ಪು ಇದೆಯೇ ಎಂದು ಹೆಂಡತಿ ಕೇಳಿದರೂ "ಇದೆ" ಎಂದು ಹೇಳಿ, ಹಿಂಬಾಗಿಲಿನಿಂದ ಓಡಿ ಹೋಗಿ ತರುತ್ತಿದ್ದ ಎಂದು ಆಕೆಯೇ ಹೇಳಿ ನಗುತ್ತಿದ್ದಳು.

ನಾನು ಪಂಪ್ ರಿಪೇರಿಯವನು. ಅವನ ಅಂಗಡಿಯ ಎದುರಿಗೇ ನನ್ನ ಷೆಡ್ಡು. ಕೈಯಲ್ಲಿ ಕೆಲಸವಿಲ್ಲದ ಹೊತ್ತೆಲ್ಲ ಅವನ ಗಲ್ಲಾದ ಪಕ್ಕದ ಬೆಂಚಿನ ಮೇಲೆ ಕಳೆದವನು. ಅಲ್ಲಿ ಕಂಡದ್ದು, ಕೇಳಿದ್ದು, ಅಷ್ಟೇ ಇಲ್ಲಿ ಬರೆದಿದ್ದೇನೆ.

ಅಂಗಡಿಗೆ ಕುತ್ತು ಬಂದದ್ದು ಬಸ್ ನಿಲ್ದಾಣದಿಂದ. ಮೊದಲು ನಿಲ್ದಾಣ ನಮ್ಮ ಬೀದಿಯ ಬಾಯಲ್ಲೇ ಇತ್ತು. ಅದನ್ನು ಸೇತುವೆಯಾಚೆ ಒಯ್ದು ಇಟ್ಟರು. ಬಸ್ಸಿಳಿದು ಮನೆಗೆ ನಡೆಯುವ ಜನ ದಾರಿಯಲ್ಲಿ ಒಂದು ವಾಷರೋ ಒಂದು ರಬ್ಬರೋ ಕೊಂಡುಹೋಗುತ್ತಿದ್ದರಲ್ಲ, ಆ ಜನವೇ ಕಾಣೆಯಾಯಿತು. ಇದೆಯಪ್ಪ ನೊಣ ಹೊಡೆಯುತ್ತ ಕೂತ. ಕಟ್ಟಡದ ಮಾಲೀಕರು ಒಂದೆರಡು ಸಲ ಬಂದು, ಸುತ್ತಮುತ್ತ ಗೋಡೆಯನ್ನೆಲ್ಲ ನೋಡಿ, "ಔಷಧಿ ಅಂಗಡಿಯೋರು ಕೇಳ್ತಿದ್ದಾರೆ. ನೀವು ಮುಂದುವರಿಸ್ತೀರೋ ಬಿಡ್ತೀರೋ, ಬೇಸಿಗೆ ಮುಗಿಯೋದ್ರೊಳಗೆ ಒಂದು ಮಾತು ಹೇಳಿಬಿಡಿ" ಎಂದರು. ಮರ್ಯಾದಸ್ಥರು, ದನಿ ಏರಿಸಿದವರಲ್ಲ. ಆದರೆ ಅಂಥವರ ಮಾತೇ ಎದೆಯ ಮೇಲೆ ಭಾರವಾಗಿ ಕೂರುವುದು.

ಮಗ ಬಸ್ ಓಡಿಸುವವನು. ಅಪ್ಪನ ಡ್ರಾಯರುಗಳ ಬಗ್ಗೆ ಅವನಿಗೆ ಎಳ್ಳಷ್ಟೂ ಆಸೆ ಇರಲಿಲ್ಲ. ಸೊಸೆಗಿತ್ತು. ಮದುವೆಗೆ ಮುಂಚೆ ಅವಳು ಫ್ರಿಜ್ಜು ಮಾಡುವ ಒಂದು ಕಂಪನಿಯಲ್ಲಿ ಜನರ ದೂರು ಕೇಳುವ ಫೋನಿನ ಮುಂದೆ ಕೂತಿದ್ದವಳು. ಬೈಗುಳ ಕೇಳಿ ಕೇಳಿ ಕಿವಿ ಪಳಗಿತ್ತು, ಮುಖದ ಮೇಲಿನ ನಗು ಮಾತ್ರ ಮಾಸಿರಲಿಲ್ಲ. ಅವಳು ಬಂದವಳೇ ಅಂಗಡಿಯ ಹಿಂದಿನ ಕೋಣೆಯನ್ನು ಗುಡಿಸಿ, ಒಂದು ಕಂಪ್ಯೂಟರ್ ಇಟ್ಟು, ಅಂಗಡಿಯನ್ನು ಆನ್‌ಲೈನಿಗೆ ಹಾಕಿದಳು. ಪ್ರತಿ ಡ್ರಾಯರಿನ ಸಾಮಾನನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ತೆಗೆದಳು. ಮಾವ ಪಕ್ಕದಲ್ಲಿ ನಿಂತು, ಮದುವೆ ಹೆಣ್ಣಿನ ಫೋಟೋ ತೆಗೆಸುವವನ ಹಾಗೆ, "ಸ್ವಲ್ಪ ಎಡಕ್ಕೆ ತಿರುಗಿಸು, ಆ ಕಡೆ ಚೆನ್ನಾಗಿ ಕಾಣುತ್ತೆ" ಎನ್ನುತ್ತಿದ್ದ.

ಆದರೆ ಮಾರಾಟ ಹುಟ್ಟಲಿಲ್ಲ. ಜನ ಬರುತ್ತಿದ್ದರು, ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ಏನೋ ಬರೆಯುತ್ತಿದ್ದರು, ಏನೂ ಸಿಗದೆ ಹೊರಟುಹೋಗುತ್ತಿದ್ದರು. ಹಾಗೆ ಹೋದವರು ಏನು ಬರೆದಿದ್ದರು ಎಂಬುದನ್ನು ಯಂತ್ರ ತೆಗೆದಿಡುತ್ತಿತ್ತು. ಒಂದು ಬೆಳಿಗ್ಗೆ ಸೊಸೆ ಅದನ್ನು ಓದುತ್ತ ಮಾವನನ್ನು ಕರೆದಳು.

"ಮಾವ, ಇಲ್ನೋಡಿ. 'ಕುಕ್ಕರ್ ಕೂಗಲ್ಲ' ಅಂತ ಹುಡುಕಿದ್ದಾರೆ."

"ಕೂಗಲ್ಲ ಅಂದ್ರೆ ಮುನಿಸ್ಕೊಂಡಿರುತ್ತೆ, ಹತ್ರ ಕೂತು ಸಮಾಧಾನ ಮಾಡ್ಬೇಕು. ನಮ್ಮನ್ಯಾಕೆ ಕೇಳ್ತಾರೆ?"

"ಮಾವ!"

"ಆಯ್ತಮ್ಮ. ರಬ್ಬರು ಸಡಿಲ ಆಗಿರುತ್ತೆ. ಇಲ್ಲಾಂದ್ರೆ ವಿಷಲ್ಲು ಕಟ್ಕೊಂಡಿರುತ್ತೆ."

"ನಾವು ಡಬ್ಬದ ಮೇಲಿರೋ ಹೆಸರನ್ನೇ ಯಂತ್ರಕ್ಕೆ ಹಾಕಿದ್ದೀವಿ. ಅವರಿಗೆ ಆ ಹೆಸರು ಎಲ್ಲಿ ಗೊತ್ತಿರುತ್ತೆ? ಅವರಿಗೆ ಗೊತ್ತಿರೋದು ಅವರ ತಾಪತ್ರಯ ಒಂದೇ."

ಅಂದಿನಿಂದ ಅವಳ ಕೆಲಸ ಅದೇ ಆಯಿತು. ಒಂದೊಂದು ಸಾಮಾನಿಗೂ ಜನ ಆಡುವ ಮಾತುಗಳನ್ನು ಜೋಡಿಸಿದಳು. ನಲ್ಲಿ ತೊಟ್ಟಿಕ್ಕುತ್ತೆ, ಮಿಕ್ಸಿ ಬರೀ ಸದ್ದು ಮಾಡುತ್ತೆ ತಿರುಗಲ್ಲ, ಒಲೆಯ ಒಂದು ಕಡೆ ಮಾತ್ರ ಉರಿಯುತ್ತೆ, ಎಲ್ಲವೂ ಹೋದವು. ಇದೆಯಪ್ಪ ಗಲ್ಲಾದಲ್ಲಿ ಕೂತೇ ಕೂಗಿ ಹೇಳುತ್ತಿದ್ದ, ಅವಳು ಒಳಗಿನಿಂದ ಕೂಗಿ ಕೇಳುತ್ತಿದ್ದಳು. ನಡುವೆ ನಾನೂ ಬಾಯಿ ಹಾಕುತ್ತಿದ್ದೆ. "ಮೇಸ್ತ್ರಿ, ನಿಮ್ಮನ್ನ ಯಾರೂ ಕೇಳಲಿಲ್ಲ" ಎಂದು ಅವನು, "ಹೇಳಲಿ ಬಿಡಿ ಮಾವ, ದೊಡ್ಡಪ್ಪ ಸರಿಯಾಗೇ ಹೇಳ್ತಿದ್ದಾರೆ" ಎಂದು ಅವಳು. ಆರ್ಡರುಗಳು ಒಂದೊಂದಾಗಿ ಬರತೊಡಗಿದವು.

ಎಡವಟ್ಟು ಆದದ್ದು ಆಮೇಲೆ. ಇದೆಯಪ್ಪ ಒಂದು ದಿನ ತಾನೇ ಕಂಪ್ಯೂಟರ್ ಮುಂದೆ ಕೂತು, ತನ್ನ ಅಂಗಡಿಯಲ್ಲಿ ಎಂದೂ ಇಡದ ಯಾವುದೋ ಹಳೇ ಮಿಕ್ಸಿಯ ಭಾಗವನ್ನು ಒಂದೊಂದೇ ಅಕ್ಷರ ಒತ್ತಿ ಹುಡುಕಿದ. ತೆರೆಯ ಮೇಲೆ "ನೀವು ಹುಡುಕಿದ್ದು ನಮ್ಮಲ್ಲಿ ಇಲ್ಲ" ಎಂದು ಬಂತು. ಅವನ ಮುಖ ಕಪ್ಪಿಟ್ಟಿತು.

"ಇದೇನಮ್ಮಾ ಇದು? ನನ್ನ ಅಂಗಡೀಲಿ ಈ ಮಾತಾ?"

"ಇಲ್ಲದ್ದನ್ನ ಇಲ್ಲ ಅಂದಿದೆ ಮಾವ."

"ನಮ್ಮಪ್ಪ ಕೂತಿದ್ದ ಜಾಗ ಇದು. ಕೇಳಿದ್ದು ಇರದಿದ್ರೆ ಅದಕ್ಕೆ ಹತ್ತಿರದ್ದು ತೋರಿಸಲಿ. ಬರಿಗೈಲಿ ಯಾರನ್ನೂ ಕಳಿಸಬಾರದು ಅಂತ ಹೇಳು ಅದಕ್ಕೆ."

ಸೊಸೆ ಸ್ವಲ್ಪ ಯೋಚಿಸಿದಳು. ಅವಳಿಗೂ ಅದು ಸರಿಯೆನಿಸಿತು. ಸಿಗದೆ ಹೊರಟುಹೋಗುವವರನ್ನು ಕಂಡು ಅವಳಿಗೂ ಸಾಕಾಗಿತ್ತು. ಯಂತ್ರಕ್ಕೆ ಹಾಗೇ ಹೇಳಿದಳು. ಯಾರು ಏನೇ ಕೇಳಲಿ, ಅದು ಖಾಲಿ ತೆರೆ ತೋರಿಸದೆ, ಇದ್ದುದರಲ್ಲಿ ಹತ್ತಿರದ್ದನ್ನು ತಂದು ಮುಂದಿಡುತ್ತಿತ್ತು. ಅಪ್ಪಟ ಇದೆಯಪ್ಪ.

ಮಾರಾಟ ಎದ್ದು ಕೂತಿತು. ಪೊಟ್ಟಣ ಕಟ್ಟುವ ಟೇಪಿನ ಕರಕರ ಸದ್ದು ನನ್ನ ಷೆಡ್ಡಿಗೂ ಕೇಳುತ್ತಿತ್ತು. ಇದೆಯಪ್ಪ ಬೀದಿಯಲ್ಲಿ ಎದೆ ಮುಂದೆ ಮಾಡಿ ನಡೆದ. ಮಾಲೀಕರು ಎದುರು ಸಿಕ್ಕರೆ, ಅವರು ಕೇಳುವ ಮುಂಚೆಯೇ, "ಬಿಡೋ ಮಾತೇ ಇಲ್ಲ ಸ್ವಾಮಿ, ಔಷಧಿಯೋರಿಗೆ ಬೇರೆ ಜಾಗ ನೋಡ್ಕೊಳ್ಳೋಕೆ ಹೇಳಿ" ಎಂದುಬಿಟ್ಟ. ಮಾಲೀಕರು ಮುಗುಳ್ನಕ್ಕು, "ಬೇಸಿಗೆ ಇನ್ನೂ ಇದೆ, ನಿಧಾನವಾಗಿ ಹೇಳಿ" ಎಂದು ಹೋದರು.

ಹೋದ ಪೊಟ್ಟಣಗಳಲ್ಲಿ ಕೆಲವು ತಿರುಗಿ ಬರತೊಡಗಿದವು. ಬ್ಲೇಡು ಕೂರಲಿಲ್ಲ, ರಬ್ಬರು ದೊಡ್ಡದಾಯಿತು, ತಿರುಗಣೆಯ ತೂತು ಬೇರೆ. "ಜನಕ್ಕೆ ಅಳತೆ ತೆಗೆಯೋಕೆ ಬರಲ್ಲ" ಎಂದು ಇದೆಯಪ್ಪ ಮೂಗು ಮುರಿದ. ಸೊಸೆ ಏನೋ ಹೇಳಲು ಬಾಯಿ ತೆರೆದಳು. ಇವನು ಸೊಪ್ಪು ಹಾಕಲಿಲ್ಲ.

ಒಂದು ಮಧ್ಯಾಹ್ನ ದಪ್ಪ ಕನ್ನಡಕದ ಹೆಂಗಸೊಬ್ಬರು ಅಂಗಡಿಗೆ ಬಂದರು. ಆಸ್ಪತ್ರೆಯ ಹಿಂದಿರುವ ನರ್ಸುಗಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು. ಮೊಣಕೈಯಿಂದ ಮುಂಗೈವರೆಗೆ ಬಟ್ಟೆ ಸುತ್ತಿತ್ತು. ಇದೆಯಪ್ಪ ಎಂದಿನಂತೆ "ಇದೆಯಮ್ಮಾ, ಇದೆ" ಎಂದ. ಆಕೆ ಸೀರೆಯ ಗಂಟು ಬಿಚ್ಚಿ, ಒಂದು ಪುಟ್ಟ ಸೇಫ್ಟಿ ವಾಲ್ವ್ ತೆಗೆದು ಗಾಜಿನ ಮೇಲಿಟ್ಟರು. ಕುಕ್ಕರಿನ ಮುಚ್ಚಳದಲ್ಲಿರುತ್ತದಲ್ಲ, ಹಬೆ ಹೆಚ್ಚಾದರೆ ತಾನು ಕರಗಿ ದಾರಿ ಬಿಡುವ ಗುಂಡಿ, ಅದು. ಇದು ಕರಗಿರಲಿಲ್ಲ. ಹೊಚ್ಚ ಹೊಸದು.

"ನಮ್ಮದು ದೊಡ್ಡ ಕುಕ್ಕರು, ಐವತ್ತು ಜನಕ್ಕೆ ಬೇಯಿಸೋದು. ಅದಕ್ಕೆ ಅಂತ ನಿಮ್ಮ ಆನ್‌ಲೈನ್ ಅಂಗಡೀಲಿ ಹುಡುಕಿದೆ. ಇದನ್ನ ತೋರಿಸ್ತು. ತಿರುಗಿಸಿದ್ರೆ ಕೂತ್ಕೊಂಡ ಹಾಗೇ ಇತ್ತು. ಆಲೂಗಡ್ಡೆ ಬೇಯ್ತಾ ಇದ್ದಾಗ ಕಿತ್ಕೊಂಡು ಹಾರಿ ಸೂರಿಗೆ ಬಡೀತು. ಉಪ್ಪಿನ ಡಬ್ಬ ತೆಗೆಯೋಕೆ ಆ ಕಡೆ ತಿರುಗಿದ್ದೆ, ಕೈಗೆ ಮಾತ್ರ ಹಬೆ ಹೊಡೀತು. ಈ ಕಡೆ ನೋಡ್ತಿದ್ದಿದ್ರೆ ಮುಖಾನೇ."

ಆಕೆ ಕೂಗಾಡಲಿಲ್ಲ. ಬೈದಿದ್ದರೆ ಇದೆಯಪ್ಪ ಹೇಗೋ ತಡೆದುಕೊಳ್ಳುತ್ತಿದ್ದ.

"ಡಾಕ್ಟರಿಗೆ ತೋರಿಸಿದ್ರಾ ಅಮ್ಮ?" ಎಂದು ಸೊಸೆ ಒಳಗಿನಿಂದ ಓಡಿಬಂದಳು.

"ಸುತ್ತ ಇರೋರೆಲ್ಲ ನರ್ಸುಗಳೇ ಕಣಮ್ಮ, ಅದಕ್ಕೇನು ಕಡಿಮೆ? ಒಬ್ಬೊಬ್ಬಳು ಒಂದೊಂದು ಮುಲಾಮು ಹಚ್ಚಿ ಸಾಕು ಮಾಡಿದ್ರು." ಬಟ್ಟೆ ಸುತ್ತಿದ ಕೈ ಕೆಳಗಿಳಿಸಿ, "ನನ್ನ ಕುಕ್ಕರಿಂದು ನಿಮ್ಮ ಹತ್ರ ಇರ್ಲಿಲ್ಲ ಅಂದ್ರೆ ಹೇಳ್ಬೇಕಿತ್ತು. ಇದೆ ಅಂತ ತೋರಿಸಿದ್ರಲ್ಲ, ನಾನು ನಂಬಿದೆ" ಎಂದರು.

ಇದೆಯಪ್ಪ ಗಾಜಿನ ಮೇಲಿನ ವಾಲ್ವನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದು ನೋಡಿದ. ಮನೆಯ ಸಣ್ಣ ಕುಕ್ಕರಿನದು, ತಿರುಪಿನ ಸುತ್ತೇ ಬೇರೆ. ಕೇಳಬೇಕಾದ ಕ್ಷಮೆಯನ್ನು ಕೇಳಿದ. ಆಕೆ ಹೋದ ಮೇಲೆ ಕದ ಅರ್ಧ ಎಳೆದು ಒಳಗೆ ಕೂತ.

"ಅದನ್ನ ಮುಚ್ಚಿಬಿಡಮ್ಮ" ಎಂದ. "ಮುಖ ನೋಡದೆ ಮಾರೋ ವ್ಯಾಪಾರ ನಮಗೆ ಬೇಡ. ಮಾಲೀಕರಿಗೆ ನಾನೇ ಹೇಳ್ತೀನಿ, ಔಷಧಿಯೋರು ಬರಲಿ."

ಆನ್‌ಲೈನ್ ಮುಚ್ಚಿದರೆ ಅಂಗಡಿಯೇ ಮುಚ್ಚಿದಂತೆ ಎಂಬುದು ಮೂವರಿಗೂ ಗೊತ್ತಿತ್ತು. ಸೊಸೆ ಎದುರಾಡಲಿಲ್ಲ. ಆದರೆ ಆ ಕ್ಷಣವೇ ಕುಕ್ಕರಿನ ಎಲ್ಲ ವಾಲ್ವ್‌ಗಳನ್ನೂ ಮಾರಾಟದಿಂದ ಕೆಳಗಿಳಿಸಿದಳು. ಕೊಂಡವರ ಫೋನ್ ನಂಬರುಗಳನ್ನು ತೆಗೆದು ಒಬ್ಬೊಬ್ಬರಿಗೂ ಕರೆ ಮಾಡಿ, ಹಾಕಿದ್ದರೆ ತೆಗೆಯಿರಿ, ಹಾಕದಿದ್ದರೆ ಹಾಕಬೇಡಿ ಎಂದು ಹೇಳಿದಳು. ದೂರು ಕೇಳಿ ಪಳಗಿದ್ದ ಆ ಕಿವಿಗೆ ಆವತ್ತು ಬೈಗುಳ ಧಾರಾಳವಾಗಿ ಬಿತ್ತು.

ಮರುದಿನ ಅವಳು ಕಂಪ್ಯೂಟರ್ ಕೋಣೆಗೆ ಹೋಗಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತಳು. ಬೀದಿಯ ಕೊನೆಯ ಟೈಲರ್ ಬಂದು ನಲ್ಲಿಗೆ ವಾಷರ್ ಕೇಳಿದ.

"ಇದೆಯಪ್ಪಾ, ಇದೆ" ಎಂದ ಇದೆಯಪ್ಪ, ಉತ್ಸಾಹವಿಲ್ಲದೆ. "ನಲ್ಲಿ ಎಲ್ಲಿಂದ ಸೋರುತ್ತೆ, ಬಾಯಿಂದಲೋ ಕತ್ತಿನಿಂದಲೋ?"

"ಕತ್ತಿನಿಂದ."

"ಬಿಟ್ಟಾಗಲೋ, ನಿಲ್ಲಿಸಿದಾಗಲೋ?"

"ಬಿಟ್ಟಾಗ."

"ಹಾಗಾದ್ರೆ ವಾಷರ್ ತಗೊಂಡು ಹೋಗಿ ಏನ್ಮಾಡ್ತೀಯ, ಕಿವಿಗೆ ಹಾಕ್ಕೋತೀಯಾ? ಒಳಗಿನ ಪ್ಯಾಕಿಂಗ್ ಹೋಗಿದೆ. ತಗೋ ಈ ದಾರ, ಸುತ್ತಿ ಬಿಗಿ ಮಾಡು."

ಟೈಲರ್ ಹೋದ. ಸೊಸೆ ಎದ್ದು ನಿಂತಳು.

"ಮಾವ, ಈಗ ಏನು ಕೇಳಿದ್ರಿ?"

"ಏನು ಕೇಳಿದೆ? ಅವನು ಕೇಳಿದ, ನಾನು ಕೊಟ್ಟೆ."

"ಇಲ್ಲ ಮಾವ. ಅವನು ಒಂದು ಕೇಳಿದ, ನೀವು ಬೇರೆ ಕೊಟ್ರಿ. ನಡುವೆ ಎರಡು ಪ್ರಶ್ನೆ ಕೇಳಿದ್ರಿ."

"ಕೇಳದೆ ಡ್ರಾಯರಿಗೆ ಕೈ ಹಾಕ್ತಾರೇನಮ್ಮಾ?" ಎಂದ ಅವನು, ಇದೂ ಒಂದು ಮಾತೇ ಎಂಬಂತೆ.

ಸೊಸೆ ಅವನ ಮುಖ ನೋಡಿದಳು. ಅವನೂ ಅವಳ ಮುಖ ನೋಡಿದ. ಆಮೇಲೆ ನಿಧಾನವಾಗಿ ಸ್ಟೂಲಿನ ಮೇಲೆ ಕೂತ. ಅಪ್ಪ ಹಾಕಿಕೊಟ್ಟ ಕಟ್ಟಳೆಯಲ್ಲಿ ಅರ್ಧವನ್ನು ಮಾತ್ರ ಯಂತ್ರಕ್ಕೆ ಹೇಳಿದ್ದರು. "ಇದೆ" ಎನ್ನುವುದನ್ನು ಕಲಿಸಿದ್ದರು, ಇದೆ ಎಂದ ಮೇಲೆ ಕೇಳುವುದನ್ನು ಕಲಿಸಿರಲಿಲ್ಲ. ಆ ಅರ್ಧವನ್ನು ಅಪ್ಪ ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. ಪಕ್ಕದಲ್ಲಿ ನಿಂತ ಮಗನಿಗೆ ಅದು ಉಸಿರಾಡಿದಷ್ಟು ಸಹಜವಾಗಿ ಅಂಟಿಕೊಂಡಿತ್ತು. ಅದೂ ಕಟ್ಟಳೆ ಎಂದು ಅವನಿಗೆ ಆ ಹೊತ್ತಿನವರೆಗೆ ಹೊಳೆದಿರಲಿಲ್ಲ.

"ಇನ್ನೊಂದು ಸಲ ನೋಡೋಣ ಮಾವ" ಎಂದಳು. "ಆಮೇಲೂ ಮುಚ್ಚು ಅಂದ್ರೆ ನಾನೇ ಮುಚ್ತೀನಿ."

ಅವನು ಸ್ಟೂಲನ್ನು ಅವಳ ಕೋಣೆಯ ಬಾಗಿಲ ಹತ್ತಿರಕ್ಕೆ ಎಳೆದುಕೊಂಡ.

ಅಲ್ಲಿಂದ ನನಗೆ ಗಿರಾಕಿಯ ವೇಷ. ನಾನು ಹೊರಗೆ ಹೋಗಿ ಒಳಗೆ ಬರಬೇಕು, ಒಂದೊಂದು ಸಾಮಾನು ಕೇಳಬೇಕು, ಅವನು ತನ್ನ ರೂಢಿಯಂತೆ ವಿಚಾರಿಸಬೇಕು, ಸೊಸೆ ಆ ಪ್ರಶ್ನೆಗಳನ್ನು ಯಂತ್ರಕ್ಕೆ ಹಾಕಬೇಕು.

"ಕುಕ್ಕರಿಗೆ ರಬ್ಬರ್ ಕೊಡಿ" ಎಂದೆ ನಾನು.

"ಮುಚ್ಚಳ ಒಳಗಡೆ ಕೂರುತ್ತೋ, ಮೇಲೆ ಕೂರುತ್ತೋ?"

"ಗೊತ್ತಿಲ್ಲ, ನನ್ನ ಹೆಂಡತೀನ ಕೇಳ್ಬೇಕು."

"ಮೇಸ್ತ್ರಿ, ಸರಿಯಾಗಿ ಉತ್ತರ ಕೊಡಿ!"

"ನಿನ್ನ ಗಿರಾಕಿಗಳು ಸರಿಯಾಗಿ ಕೊಡ್ತಾರಾ?"

"ಅದೂ ನಿಜ" ಎಂದು ಸೊಸೆ ಒಳಗಿನಿಂದ ನಕ್ಕಳು. "ಗೊತ್ತಿಲ್ಲ ಅಂದ್ರೆ ಎರಡು ಚಿತ್ರ ತೋರಿಸೋಣ. ನೋಡಿ ಬೆರಳಿಟ್ಟು ತೋರಿಸಲಿ."

ಹೀಗೆ ಹುಡುಕುಪೆಟ್ಟಿಗೆಗೆ ಬಾಯಿ ಬಂತು. ಏನು ಬೇಕು ಎಂದು ಬರೆದರೆ ಸಾಮಾನು ತೋರಿಸುವ ಮುಂಚೆ ಅದು ಕೇಳುತ್ತಿತ್ತು. ಯಾವ ಕಂಪನಿ, ಎಷ್ಟು ಲೀಟರು, ಎಲ್ಲಿಂದ ಸೋರುತ್ತೆ. ಬಟ್ಟೆ ಒಣಗಿಸುವ ಕ್ಲಿಪ್ಪಿಗೆ, ಬಾಗಿಲು ಬಡಿಯದಂತೆ ತಡೆಯುವ ರಬ್ಬರ್ ಬುಷ್ಷಿಗೆ ಏನೂ ಕೇಳುತ್ತಿರಲಿಲ್ಲ. ಅವಕ್ಕೆ ಹತ್ತಿರದ್ದೂ ನಡೆಯುತ್ತದೆ. ಆದರೆ ಹಬೆ, ಗ್ಯಾಸು, ಕರೆಂಟು ತಾಗುವ ಸಾಮಾನಿಗೆ ಉತ್ತರ ತಾಳೆಯಾಗದಿದ್ದರೆ ಏನನ್ನೂ ತೋರಿಸಕೂಡದು ಎಂದಳು ಸೊಸೆ. ಇಲ್ಲ ಎಂದು ನೇರವಾಗಿ ಹೇಳಬೇಕು.

ಇದೆಯಪ್ಪ ಅಲ್ಲಿ ಮುಗ್ಗರಿಸಿದ.

"'ಸದ್ಯಕ್ಕೆ ಬಂದಿಲ್ಲ' ಅಂತ ಹಾಕೋಣ."

"ಮುಂದೆ ಬರುತ್ತಾ ಮಾವ?"

"ಬರಲ್ಲ."

"ಮತ್ತೆ?"

"'ಆಮೇಲೆ ವಿಚಾರಿಸಿ' ಅಂತ?"

"ಆ ಅಡುಗೆಯಮ್ಮ ಆಮೇಲೆ ವಿಚಾರಿಸೋಕೇ ಬಂದಿದ್ರು."

ಕೊನೆಗೆ ಅವನೇ ಒಂದೊಂದು ಪದವನ್ನೂ ತೂಗಿ ಹೇಳಿದ, ಅವಳು ಬರೆದಳು: "ಇದು ನಮ್ಮಲ್ಲಿ ಇಲ್ಲ. ಬೇರೆಯದನ್ನು ಹಾಕಬೇಡಿ, ಅಪಾಯ. ನಿಮ್ಮ ಕುಕ್ಕರಿನ ಕಂಪನಿಯ ಸರ್ವಿಸ್ ಅಂಗಡಿಯಲ್ಲಿ ಕೇಳಿ."

ಹೊಸ ಹುಡುಕಾಟ ಶುರುವಾದ ಮೇಲೆ ಆರ್ಡರುಗಳು ಇಳಿದವು. ಟೇಪಿನ ಸದ್ದು ಅರ್ಧಕ್ಕರ್ಧ ಕಡಿಮೆಯಾಯಿತು. ಬೇಸಿಗೆ ಮುಗಿಯುತ್ತ ಬಂದಿತ್ತು. ಮಾಲೀಕರು ಇಂದೋ ನಾಳೆಯೋ ಬರುತ್ತಾರೆ. ಇದೆಯಪ್ಪ ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ಅವರಿಗೆ ಹೇಳುವ ಮಾತನ್ನು ಎರಡು ಬಗೆಯಲ್ಲೂ ಹೇಳಿ ನೋಡಿಕೊಳ್ಳುತ್ತಾನೆ ಎಂದು ಅವನ ಹೆಂಡತಿ ನನ್ನ ಹತ್ತಿರ ಹೇಳಿದಳು.

ಒಂದು ಸಂಜೆ ಅವನು ಸೊಸೆಯನ್ನೂ ನನ್ನನ್ನೂ ಹೊರಡಿಸಿಕೊಂಡು ಆ ಹಾಸ್ಟೆಲಿಗೆ ನಡೆದ. ಅಡುಗೆಯಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದರು. ಕೈಯ ಬಟ್ಟೆ ಬಿಚ್ಚಿದ್ದರು, ಚರ್ಮ ಇನ್ನೂ ಕೆಂಪಗಿತ್ತು.

"ಅಮ್ಮಾ, ಒಂದು ಸಹಾಯ. ಆವತ್ತು ಹುಡುಕಿದ್ದನ್ನೇ ಇನ್ನೊಂದು ಸಲ ಹುಡುಕ್ತೀರಾ?"

"ಮತ್ತೆ ಸೂರಿಗೆ ಹಾರಿಸೋಕಾ?" ಎಂದರು ಆಕೆ. ಆದರೂ ಕೈ ಒರೆಸಿಕೊಂಡು ಫೋನ್ ತೆಗೆದರು.

ಬರೆದರು. ಪೆಟ್ಟಿಗೆ ಕೇಳಿತು. ಆಕೆ ಕನ್ನಡಕ ಮೇಲೇರಿಸಿ ಓದಿ ಉತ್ತರಿಸಿದರು. ಮತ್ತೊಂದು ಕೇಳಿತು. ಅದಕ್ಕೆ ಉತ್ತರ ಗೊತ್ತಾಗದೆ ಎದ್ದು ಹೋಗಿ ಕುಕ್ಕರಿನ ಮುಚ್ಚಳ ತಿರುಗಿಸಿ ನೋಡಿ ಬಂದರು. ಆಮೇಲೆ ಬಂದ ಮಾತನ್ನು ಗಟ್ಟಿಯಾಗಿ ಓದಿದರು. "ಇದು ನಮ್ಮಲ್ಲಿ ಇಲ್ಲ." ಇದೆಯಪ್ಪ ನೆಲ ನೋಡುತ್ತ ನಿಂತಿದ್ದ. ಆಕೆ ಕೊನೆಯವರೆಗೂ ಓದಿ ಮುಗಿಸಿದರು.

"ಸರ್ವಿಸ್ ಅಂಗಡಿಯಿಂದಾನೇ ತರಿಸ್ಕೊಂಡೆ, ಮೊನ್ನೆ" ಎಂದರು. ಫೋನನ್ನು ಕೆಳಗಿಡಲಿಲ್ಲ. "ಇಲ್ಲಿ ಪಾತ್ರೆ ತೊಳೆಯೋ ಸಿಂಕಿನ ಜಾಲರಿ ತುಕ್ಕು ಹಿಡಿದು ಹೋಗಿದೆ. ಅದನ್ನ ಹುಡುಕಿದ್ರೆ ಏನನ್ನುತ್ತೋ?" ಎಂದು ತಾವೇ ಬರೆದರು. ತೂತಿನ ಅಗಲ ಎಷ್ಟು ಎಂದು ಅದು ಕೇಳಿತು. ಆಕೆ ಸಿಂಕಿನ ಮೇಲೆ ಗೇಣು ಇಟ್ಟು ನೋಡಿದರು. ಸೊಸೆ ಬ್ಯಾಗಿನಿಂದ ಅಳತೆಯ ಟೇಪು ತೆಗೆದು ಕೊಟ್ಟಳು. ಅಳೆದು ಹೇಳಿದ ಮೇಲೆ ಅದು ತೋರಿಸಿದ್ದು ಒಂದೇ ಒಂದು ಜಾಲರಿ. ಆಕೆ ಅಲ್ಲೇ ಆರ್ಡರ್ ಒತ್ತಿದರು.

"ಇಲ್ಲಾಂತ ಒಂದು ಸಲ ಹೇಳ್ತಲ್ಲ, ಅದಕ್ಕೇ ಇದನ್ನ ನಂಬಿ ತರಿಸ್ತಾ ಇದ್ದೀನಿ" ಎಂದು ಮತ್ತೆ ಬೀನ್ಸಿಗೆ ಕೂತರು.

ತಿರುಗಿ ಬರುವಾಗ ಇದೆಯಪ್ಪ ನಮ್ಮಿಬ್ಬರಿಗಿಂತ ಮುಂದೆ ಮುಂದೆ ನಡೆದ.

ಮಾಲೀಕರು ಮಾರನೆಯ ದಿನವೇ ಬಂದರು. ಸೊಸೆ ಹಿಂದಿನ ಕೋಣೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಬೆಂಚಿನ ಮೇಲೆ ಕೂತಿದ್ದೆ.

"ಸ್ವಾಮಿ, ಮಾರಾಟ ಇಳಿದಿದೆ" ಎಂದ ಇದೆಯಪ್ಪ. "ಸುಳ್ಳು ಹೇಳಲ್ಲ. ಆದ್ರೆ ಈಗ ಹೋದ ಸಾಮಾನು ಹೋದಲ್ಲೇ ನಿಲ್ತಾ ಇದೆ, ತಿರುಗಿ ಬರ್ತಾ ಇಲ್ಲ. ಕೊಂಡೋರು ಇನ್ನೊಂದಕ್ಕೆ ಬರ್ತಿದ್ದಾರೆ. ನಿಧಾನವಾಗಿ ಏಳುತ್ತೆ. ಅಂಗಡಿ ಬಿಡಲ್ಲ. ಬಾಡಿಗೆ ಕರಾರು ಮಾತ್ರ ಈ ಸಲ ನನ್ನ ಹೆಸರಿಗೆ ಬೇಡ, ನಮ್ಮ ಸೊಸೆ ಹೆಸರಿಗೆ ಮಾಡಿ."

ಮಾಲೀಕರು ಸೊಸೆಯ ಕಡೆ ನೋಡಿದರು. ಅವಳಿಗೆ ಇದು ಗೊತ್ತಿರಲಿಲ್ಲ. ಬಾಗಿಲ ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಏನಮ್ಮಾ, ಒಪ್ಪಿಗೆಯಾ?"

"ಒಪ್ಪಿಗೆ" ಎಂದಳು. "ಒಂದೇ ಷರತ್ತು, ಮಾವ. ಸಂಜೆ ಏಳಕ್ಕೆ ಬಾಗಿಲು ಹಾಕ್ಬೇಕು. ನಿಮ್ಮ ಹಾಗೆ ಒಂಬತ್ತರವರೆಗೆ ಕೂರೋಕೆ ನನಗಾಗಲ್ಲ."

"ಏಳಕ್ಕಾ! ಕೆಲಸದಿಂದ ಬರೋರು ಬರೋದೇ ಆಗ. ಎಂಟೂವರೆ."

"ಏಳು."

"ಎಂಟು. ಎದುರಿನ ಮೇಸ್ತ್ರಿ ಷೆಡ್ಡೂ ಎಂಟರವರೆಗೆ ತೆರೆದಿರುತ್ತೆ."

"ದೊಡ್ಡಪ್ಪ ಷೆಡ್ಡಲ್ಲಿ ನಿದ್ದೆ ಮಾಡ್ತಿರ್ತಾರೆ ಮಾವ. ಏಳೂವರೆ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ."

ಇದೆಯಪ್ಪ ಮಾಲೀಕರ ಮುಖ ನೋಡಿದ. ಅವರು ಚಾವಣಿ ನೋಡುತ್ತ ನಗು ತಡೆದುಕೊಳ್ಳುತ್ತಿದ್ದರು.

"ಕರಾರು ಅವಳ ಹೆಸರಿಗಲ್ಲವೇನ್ರೀ" ಎಂದರು. "ನನ್ನ ಮುಖ ನೋಡಿ ಏನು ಪ್ರಯೋಜನ?"